ವಿ1 ಆದಮೇಲೆ ಕೈ ಎಲ್ಲಿರಬೇಕು

ಟೇಕಾಫ್ ಓಟದಲ್ಲಿ ಪಕ್ಕದ ಸೀಟಿನವರು "ವಿ1" ಎಂದು ಕೂಗಿದ ಕೂಡಲೇ ಕ್ಯಾಪ್ಟನ್ನಿನ ಕೈ ಥ್ರಸ್ಟ್ ಲಿವರ್ (ಇಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಬಿಟ್ಟು ವಿಮಾನ ತಿರುಗಿಸುವ ಕಂಟ್ರೋಲ್ ಹಿಡಿಯಬೇಕು. ನೋಡುವವರಿಗೆ ಇದೊಂದು ಶಿಸ್ತಿನ ಚಲನೆ ಅಷ್ಟೇ ಅನ್ನಿಸಬಹುದು. ಸಣ್ಣ ಜೆಟ್ ಹಾರಿಸುವ ನನಗೆ ಆ ಕೈ ಬಿಡುವುದರಲ್ಲೇ ಅರ್ಧ ವಿದ್ಯೆ ಇದೆ ಅನ್ನಿಸುತ್ತದೆ. ವಿ1 ಎಂದರೆ ನಿರ್ಧಾರದ ವೇಗ. ಅದಕ್ಕೂ ಮೊದಲು ಇಂಜಿನ್ ಕೆಟ್ಟರೆ ಬ್ರೇಕ್ ಹಾಕಿ ಉಳಿದ ರನ್‌ವೇಯಲ್ಲೇ ನಿಲ್ಲಬಹುದು. ಅದು ದಾಟಿದ ಮೇಲೆ ನಿಲ್ಲಲು ಹೋದರೆ ರನ್‌ವೇ ಸಾಲುವ ಭರವಸೆ ಇಲ್ಲ. ಉಳಿದ ಒಂದೇ ಇಂಜಿನ್ನಿನಲ್ಲಿ ಮೇಲೇರಬೇಕು. ಹಗುರ ಜೆಟ್‌ಗಳಲ್ಲಿ ಇದೆಲ್ಲ 100 ನಾಟ್ ಆಸುಪಾಸಿನಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಕೈ ಇನ್ನೂ ಲಿವರಿನ ಮೇಲೇ ಇದ್ದರೆ ಢಬ್ ಎಂಬ ಸದ್ದಿಗೆ ತಾನಾಗಿ ಹಿಂದಕ್ಕೆಳೆದುಬಿಡುತ್ತದೆ. ಅದಕ್ಕೇ ಆ ಅವಕಾಶವನ್ನೇ ಕೈಗೆ ಕೊಡುವುದಿಲ್ಲ.

ಇಂಜಿನ್ ಕೆಟ್ಟಾಗ ಮೊದಲು ಏನು ಮಾಡುತ್ತೀರಿ ಎಂದು ಬಹಳ ಮಂದಿ ಕೇಳಿದ್ದಾರೆ. ವಿಮಾನ ಹಾರಿಸುತ್ತೇನೆ, ಬೇರೇನನ್ನೂ ಮುಟ್ಟುವುದಿಲ್ಲ ಎಂದರೆ ಉತ್ತರ ತಪ್ಪಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಾನು ಪೂರ್ತಿ ನಂಬಿ ಹೇಳುವ ಮಾತು ಅದು. ಎರಡು ಇಂಜಿನ್ನಿನ ಜೆಟ್ ಒಂದರಲ್ಲಿ ಏರಬಲ್ಲದು, ಹಾರಬಲ್ಲದು, ಇಳಿಯಬಲ್ಲದು. ಅದನ್ನು ತೋರಿಸದೆ ಅದಕ್ಕೆ ಪ್ರಮಾಣಪತ್ರವೇ ಸಿಗುವುದಿಲ್ಲ. ಜನ ಸತ್ತ ಎಷ್ಟೋ ಅಪಘಾತಗಳ ವರದಿ ಓದಿದರೆ ಕೆಟ್ಟ ಇಂಜಿನ್ ಮಾಡಿದ ಹಾನಿಗಿಂತ, ಅದಾದ ಮೇಲೆ ಅವಸರದಲ್ಲಿ ಆಡಿದ ಕೈ ಮಾಡಿದ ಹಾನಿ ದೊಡ್ಡದಾಗಿ ಕಾಣುತ್ತದೆ.

ಹಾರಿಸುವುದು ಎಂದೆನಲ್ಲ, ಅದು ಕಾಲಿನಿಂದ ಶುರುವಾಗುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ನಿಂತುಬಿಟ್ಟರೆ ಗಾಡಿ ನಿಂತ ಎತ್ತಿನ ಕಡೆಗೇ ತಿರುಗುವಂತೆ, ವಿಮಾನದ ಮೂಗು ಸತ್ತ ಇಂಜಿನ್ನಿನ ಕಡೆಗೆ ವಾಲುತ್ತದೆ. ಅದನ್ನು ನೇರ ಮಾಡುವುದು ರಡ್ಡರ್ ಪೆಡಲ್, ಬಾಲದ ಚುಕ್ಕಾಣಿಯನ್ನು ತಿರುಗಿಸುವ ಕಾಲುಮಣೆ. ಸಣ್ಣ ಜೆಟ್‌ಗಳಲ್ಲಿ ಸಾಮಾನ್ಯವಾಗಿ ಇಂಜಿನ್ನುಗಳು ಬಾಲದ ಹತ್ತಿರ, ಒಡಲಿಗೆ ಅಂಟಿಕೊಂಡಂತೆ ಇರುತ್ತವೆ. ರೆಕ್ಕೆಗೆ ಇಂಜಿನ್ ನೇತುಹಾಕಿದ ವಿಮಾನಗಳಷ್ಟು ಜೋರಾಗಿ ಅವು ತಿರುಗುವುದಿಲ್ಲ. ಸೆಸ್ನಾ ಸಂಸ್ಥೆಯ ಸೈಟೇಷನ್ ಜೆಟ್‌ಗಳ ಕೆಲವು ಮಾದರಿಗಳಲ್ಲಿ ಎರಡು ಇಂಜಿನ್ನುಗಳ ಗಾಳಿಯ ಒತ್ತಡದ ವ್ಯತ್ಯಾಸ ಹಿಡಿದು ತಾನಾಗಿ ರಡ್ಡರ್ ಒತ್ತುವ ಏರ್ಪಾಡೂ ಇದೆ. ಇದು ಅನುಕೂಲವೇ, ಆದರೆ ಇದರಲ್ಲೊಂದು ಸೂಕ್ಷ್ಮವಿದೆ: ತಿರುವು ಮೆಲ್ಲಗಿದ್ದರೆ ಯಾವ ಕಡೆಯದು ಸತ್ತಿತು ಎಂಬುದೂ ಮೈಗೆ ಅಷ್ಟು ಬೇಗ ತಿಳಿಯುವುದಿಲ್ಲ. ಕಾಲು ಸುಮ್ಮನಿದ್ದು ಕೈ ಮಾತ್ರ ಕಂಟ್ರೋಲನ್ನು ಪಕ್ಕಕ್ಕೆ ತಿರುಗಿಸಿ ರೆಕ್ಕೆ ಸಮ ಮಾಡಲು ಹೊರಡುತ್ತದೆ. ವಿಮಾನ ಓರೆಯಾಗಿ ಜಾರುತ್ತಾ ಹಾರುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಮೊದಲೇ ಕಡಿಮೆಯಿದ್ದ ಏರಿಕೆ ಇನ್ನಷ್ಟು ತಗ್ಗುತ್ತದೆ.

ಆಮೇಲೆ ಮೂಗು. ಎರಡು ಇಂಜಿನ್ನಿನಲ್ಲಿ ಏರುವ ಕೋನ ಒಂದರಲ್ಲಿ ನಡೆಯದು. ಮೂಗನ್ನು ತುಸು ಇಳಿಸಿ ವಿ2 ವೇಗ (ಒಂದೇ ಇಂಜಿನ್ನಿನಲ್ಲಿ ಕ್ಷೇಮವಾಗಿ ಏರುವ ವೇಗ) ಹಿಡಿಯಬೇಕು, ಏರುತ್ತಿದೆ ಎಂದು ಖಾತ್ರಿಯಾದ ಮೇಲೆ ಗೇರ್, ಅಂದರೆ ಚಕ್ರಗಳನ್ನು ಎತ್ತಬೇಕು. ಅಲ್ಲಿಂದ ಮುಂದೆ ಕಡಿಮೆಯೆಂದರೂ 400 ಅಡಿ, ಎಷ್ಟೋ ಕಡೆ 1500 ಅಡಿ ಏರುವವರೆಗೆ ಇಷ್ಟೇ ಕೆಲಸ. ಎಚ್ಚರಿಕೆ ದೀಪ ಉರಿಯುತ್ತಿರುತ್ತದೆ, ಗಂಟೆ ಬಡಿಯುತ್ತಿರುತ್ತದೆ. ಗಂಟೆ ನಿಲ್ಲಿಸಿ ಹಾರಿಸುತ್ತಿರಬೇಕು. ಬೆಂಕಿಯ ದೀಪ ಹತ್ತಿದ್ದರೂ ವಿಮಾನ ಹತೋಟಿಯಲ್ಲಿ ಏರುವುದು ಮೊದಲು, ಬೆಂಕಿಯ ಕೆಲಸ ಅದರ ಹಿಂದೆ. ಹೊಸಬರಿಗೆ ಇದನ್ನು ಒಪ್ಪುವುದು ಕಷ್ಟ. ಇಂಜಿನ್ ಹೊತ್ತಿ ಉರಿಯುವಾಗ ಸುಮ್ಮನಿರುವುದೇ ಎಂದು ಕೇಳುತ್ತಾರೆ. ಸುಮ್ಮನಿರುವುದಿಲ್ಲ, ನೆಲದಿಂದ ದೂರ ಹೋಗುತ್ತಿರುತ್ತೀರಿ. ಇಂಜಿನ್ನಿನ ಸುತ್ತ ಬೆಂಕಿ ತಡೆಯುವ ಗೋಡೆ ಇರುವುದು ಇಷ್ಟು ಸಮಯ ಕೊಡಲಿಕ್ಕೇ.

ಈಗ ಯಾವ ಇಂಜಿನ್ ಎಂಬ ಪ್ರಶ್ನೆಗೆ ಬರುತ್ತೇನೆ. ಈ ಬರಹವನ್ನು ಬರೆಯಬೇಕು ಅನ್ನಿಸಿದ್ದೇ ಇದಕ್ಕಾಗಿ.

1989ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮಿಡ್‌ಲ್ಯಾಂಡ್ ಸಂಸ್ಥೆಯ ಬೋಯಿಂಗ್ 737-400 ಏರುತ್ತಿದ್ದಾಗ ಎಡ ಇಂಜಿನ್ನಿನ ಫ್ಯಾನ್ ಬ್ಲೇಡ್ ಮುರಿಯಿತು. ವಿಮಾನ ನಡುಗಿತು, ಹೊಗೆಯ ವಾಸನೆ ಒಳಗೆ ಬಂತು. ಪೈಲಟ್‌ಗಳು ಕೆಟ್ಟದ್ದು ಬಲಗಡೆಯದು ಎಂದು ತೀರ್ಮಾನಿಸಿ ಅದರ ಲಿವರ್ ಹಿಂದಕ್ಕೆ ತಂದರು. ಆ ಹೊತ್ತಿಗೇ ಆಟೋಥ್ರಾಟಲ್ (ಇಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ಏರ್ಪಾಡು) ಬಿಡಿಸಿದ್ದರಿಂದ ಎಡ ಇಂಜಿನ್ನಿನ ತಡವರಿಕೆ ತಗ್ಗಿತು. ಅದು ಕಾಕತಾಳೀಯ. ಅವರಿಗೆ ಮಾತ್ರ ತಮ್ಮ ತೀರ್ಮಾನಕ್ಕೆ ಸಿಕ್ಕ ಪುರಾವೆಯಂತೆ ಕಂಡಿತು. ಸರಿಯಾಗಿದ್ದ ಬಲ ಇಂಜಿನ್ನನ್ನು ನಿಲ್ಲಿಸಿಬಿಟ್ಟರು. ಎಡ ಇಂಜಿನ್ನಿನ ಕಂಪನ ಹೆಚ್ಚಾಗಿದೆ ಎಂದು ತೋರಿಸುವ ಗೇಜ್ ಎದುರಿಗೇ ಇತ್ತು, ಬಹಳ ಸಣ್ಣದು. ಹಿಂದೆ ಕೂತ ಕೆಲವರಿಗೆ ಎಡಗಡೆಯ ಕಿಡಿ ಕಣ್ಣಿಗೇ ಕಂಡಿತ್ತು. ಬಲ ಇಂಜಿನ್ ನಿಲ್ಲಿಸಿದ್ದೇವೆ ಎಂಬ ಪ್ರಕಟಣೆಯನ್ನೂ ಅವರು ಕೇಳಿಸಿಕೊಂಡರು. ಆದರೆ ಕಿಡಿ ಕಂಡದ್ದು ಎಡಗಡೆ ಎಂಬ ಮಾತು ಕಾಕ್‌ಪಿಟ್ಟಿಗೆ ತಲುಪಲೇ ಇಲ್ಲ. ಇಳಿಯುವಾಗ ಶಕ್ತಿ ಬೇಕಾಗಿ ಎಡ ಇಂಜಿನ್ನಿನ ಮೇಲೆ ಭಾರ ಹಾಕಿದಾಗ ಅದು ಪೂರ್ತಿ ಕೈಕೊಟ್ಟಿತು. ಕೆಗ್‌ವರ್ತ್ ಎಂಬ ಹಳ್ಳಿಯ ಪಕ್ಕ, ರನ್‌ವೇಗೆ ಸ್ವಲ್ಪ ಮೊದಲು, ಹೆದ್ದಾರಿಯ ದಿಬ್ಬಕ್ಕೆ ವಿಮಾನ ಅಪ್ಪಳಿಸಿತು. 126 ಮಂದಿಯಲ್ಲಿ 47 ಮಂದಿ ಸತ್ತರು.

ಅದು ದೊಡ್ಡ ವಿಮಾನ, ನಮ್ಮದು ಎಂಟು-ಹತ್ತು ಸೀಟಿನದು ಎಂದು ಈ ಕತೆಯನ್ನು ಬದಿಗಿಡುವವರಿದ್ದಾರೆ. ನನಗೆ ಅದು ಸರಿಕಾಣದು. ಆ ಇಬ್ಬರು ಪೈಲಟ್‌ಗಳೂ ಅನುಭವಸ್ಥರು, ಅಸಡ್ಡೆಯವರಲ್ಲ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72 ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಎರಡನೇ ಇಂಜಿನ್ನಿನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು, ಅಂದರೆ ಅದರ ಅಲಗುಗಳು ಗಾಳಿಗೆ ಅಂಚು ಕೊಟ್ಟು ಎಳೆಯುವುದನ್ನು ಬಿಟ್ಟವು. ಹಿಂದಕ್ಕೆ ಎಳೆದದ್ದು ಒಂದನೇ ಇಂಜಿನ್ನಿನ ಲಿವರ್. 43 ಮಂದಿ ಹೋದರು. ಎರಡರ ನಡುವೆ 26 ವರ್ಷಗಳ ಅಂತರ, ತರಬೇತಿ ಬದಲಾಗಿತ್ತು, ಯಂತ್ರಗಳು ಬದಲಾಗಿದ್ದವು. ಕೈಯ ಅವಸರ ಬದಲಾಗಿರಲಿಲ್ಲ.

ಹೀಗಾಗಿ ನಾನು ಹಾರಿಸುವ ಕಡೆ ಲಿವರ್ ಮುಟ್ಟುವ ಮೊದಲು ಬಾಯಿ ಮಾತಾಡಬೇಕು. ಗೇಜುಗಳನ್ನು ಓದಿ ಹೇಳಬೇಕು: ಎಡಗಡೆ ಎನ್1 ಇಷ್ಟು, ಎನ್2 ಇಷ್ಟು, ಐಟಿಟಿ ಬೀಳುತ್ತಿದೆ, ಆಯಿಲ್ ಪ್ರೆಶರ್ ಇಲ್ಲ. ಎನ್1 ಎಂದರೆ ಮುಂದಿನ ಫ್ಯಾನ್ ತಿರುಗುವ ವೇಗ, ಎನ್2 ಒಳಗಿನ ಕಂಪ್ರೆಸರ್ ಭಾಗದ್ದು, ಐಟಿಟಿ ಟರ್ಬೈನ್ ಭಾಗದ ಬಿಸಿ. ಇವುಗಳನ್ನು ಕೂಡಿಸಿ ಓದಿದರೆ ಇಂಜಿನ್ನಿಗೆ ಏನಾಗಿದೆ ಎಂಬುದೂ ಹೊರಬೀಳುತ್ತದೆ. ಬಿಸಿ ಇಳಿದು, ಒಳಗಿನ ಭಾಗ ಗಾಳಿಗೆ ಸಲೀಸಾಗಿ ತಿರುಗುತ್ತಿದ್ದರೆ ಉರಿ ಆರಿಹೋಗಿದೆ, ಫ್ಲೇಮೌಟ್; ಮತ್ತೆ ಹೊತ್ತಿಸುವ ಆಸೆ ಇದೆ. ತಿರುಗುವುದೇ ನಿಂತಿದ್ದರೆ, ಅಥವಾ ಜೋರಾದ ನಡುಕವಿದ್ದರೆ ಒಳಗೆ ಮುರಿದಿದೆ. ಪಟಪಟ ಸದ್ದಿನ ಜತೆ ಬಿಸಿ ಏರುತ್ತಿದ್ದರೆ ಕಂಪ್ರೆಸರ್ ಸ್ಟಾಲ್, ಇಂಜಿನ್ನಿನ ಒಳಗಿನ ಗಾಳಿಯ ಹರಿವು ಮುಗ್ಗರಿಸುವುದು. ಲಿವರ್ ಹಿಂದಕ್ಕೆ ತಂದಾಗ ಎಷ್ಟೋ ಸಲ ಅದು ಅಲ್ಲೇ ಶಾಂತವಾಗುತ್ತದೆ. ನಿಲ್ಲಿಸುವ ನಿರ್ಧಾರವಾದ ಮೇಲೂ ಒಬ್ಬರು ಲಿವರಿನ ಮೇಲೆ ಕೈಯಿಟ್ಟು "ಲೆಫ್ಟ್ ಥ್ರಸ್ಟ್ ಲಿವರ್, ಕನ್ಫರ್ಮ್?" ಎನ್ನಬೇಕು, ಇನ್ನೊಬ್ಬರು ತಲೆ ತಿರುಗಿಸಿ ಕಣ್ಣಾರೆ ನೋಡಿ "ಕನ್ಫರ್ಮ್ಡ್" ಎನ್ನಬೇಕು. ನೋಡದೆ, ರೂಢಿಬಲದಿಂದ ಬರುವ "ಕನ್ಫರ್ಮ್ಡ್" ನನಗೆ ಮೌನಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ನಿಜದ ಆಕಾಶದಲ್ಲಿ ನಾನು ಇಂಜಿನ್ ನಿಲ್ಲಿಸಬೇಕಾಗಿ ಬಂದದ್ದು ಸಿಮ್ಯುಲೇಟರಿನಲ್ಲಿ ಕಲಿಸಿದ ಹಾಗೆ ರನ್‌ವೇಯಲ್ಲಲ್ಲ. 37,000 ಅಡಿ ಎತ್ತರದಲ್ಲಿ, ಬೆಳಗಿನ ತಿಳಿ ಆಕಾಶದಲ್ಲಿ, ಯಾವ ಸದ್ದೂ ಇಲ್ಲದೆ. ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಹಾರಿಸುತ್ತಿದ್ದರು. "ಕ್ಯಾಪ್ಟನ್, ಬಲಗಡೆ ಆಯಿಲ್ ಪ್ರೆಶರ್ ನೋಡಿ, ಎಡಗಡೆಗಿಂತ ಕೆಳಗಿದೆ" ಎಂದರು. ಇನ್ನೂ ಹಸಿರು ಪಟ್ಟಿಯ ಒಳಗೇ ಇತ್ತು. ಇಬ್ಬರೂ ನೋಡುತ್ತಾ ಕೂತೆವು. ನಿಧಾನವಾಗಿ ಹಳದಿಗೆ ಇಳಿಯಿತು.

ಗೇಜೇ ಸುಳ್ಳು ಹೇಳುತ್ತಿರಬಹುದು, ಆದ್ದರಿಂದ ಪಕ್ಕದ ಆಯಿಲ್ ಟೆಂಪರೇಚರ್ ನೋಡಿದೆವು. ಏರುತ್ತಿತ್ತು. ಒತ್ತಡ ಇಳಿಯುತ್ತಾ ಬಿಸಿ ಏರುತ್ತಿದ್ದರೆ ಅದು ಗೇಜಿನ ತೊಂದರೆಯಲ್ಲ, ಎಣ್ಣೆ ನಿಜಕ್ಕೂ ಹೋಗುತ್ತಿದೆ. "ನೀವು ಹಾರಿಸುತ್ತಾ ಇರಿ, ರೇಡಿಯೋನೂ ನಿಮ್ಮದೇ. ನಾನು ಚೆಕ್‌ಲಿಸ್ಟ್ ಓದುತ್ತೇನೆ" ಎಂದೆ. ಬಲ ಲಿವರನ್ನು ಐಡಲ್‌ಗೆ, ಅತಿ ಕಡಿಮೆ ಶಕ್ತಿಗೆ, ತಂದೆವು. ಒತ್ತಡ ಚೇತರಿಸಲಿಲ್ಲ, ಕೆಂಪಿಗೆ ಬಂತು. ನಿಲ್ಲಿಸಿ ಎಂದು ಚೆಕ್‌ಲಿಸ್ಟ್ ಹೇಳಿತು. ನಾನು ಕೈಯಿಟ್ಟು ಕೇಳಿದೆ, ಅವರು ನನ್ನ ಕೈಯನ್ನೇ ನೋಡಿ, ನಂತರ ಗೇಜ್ ನೋಡಿ, ಮತ್ತೆ ಕೈ ನೋಡಿ "ಕನ್ಫರ್ಮ್ಡ್" ಎಂದರು. ಅಷ್ಟು ಸಮಯ ತೆಗೆದುಕೊಂಡದ್ದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಆ ಎತ್ತರದಲ್ಲಿ ಒಂದು ಬಲೆ ಇದೆ. ಅಷ್ಟು ಮೇಲೆ ಒಂದೇ ಇಂಜಿನ್ ವಿಮಾನವನ್ನು ಹಿಡಿದಿಡಲಾರದು. ಆಟೋಪೈಲಟ್‌ಗೆ ಮಾತ್ರ ಅದು ಗೊತ್ತಿಲ್ಲ. ಅದಕ್ಕೆ 37,000 ಅಡಿ ಕಾಯ್ದುಕೋ ಎಂದು ಹೇಳಿದ್ದೀರಿ, ಕಾಯ್ದುಕೊಳ್ಳುತ್ತದೆ, ಮೂಗನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ. ವೇಗ ಸೋರಿಹೋಗುತ್ತಿರುತ್ತದೆ. ಒಳಗೆ ಎಲ್ಲವೂ ನೆಮ್ಮದಿಯಾಗಿ ಇದ್ದಂತಿರುತ್ತದೆ, ವಿಮಾನದ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಹಂತ, ಹತ್ತಿರ ಬರುವವರೆಗೆ. ಆದ್ದರಿಂದ ಬಲ ಲಿವರ್ ಹಿಂದಕ್ಕೆ ಬರುವಾಗಲೇ ಎಡ ಇಂಜಿನ್ನನ್ನು ನಿರಂತರ ಬಳಕೆಗೆ ಬಿಟ್ಟಿರುವ ಗರಿಷ್ಠ ಶಕ್ತಿಗೆ ಏರಿಸಿ, ಆಟೋಪೈಲಟ್ಟನ್ನು ಎತ್ತರದಿಂದ ಬಿಡಿಸಿ ವೇಗ ಹಿಡಿಯಲು ಹೇಳಿ, ಇಳಿಯಲು ಬಿಟ್ಟೆವು. ಇದನ್ನು ಡ್ರಿಫ್ಟ್‌ಡೌನ್ ಎನ್ನುತ್ತಾರೆ. ಏರ್ ಟ್ರಾಫಿಕ್ ಕಂಟ್ರೋಲಿಗೆ "ಪ್ಯಾನ್ ಪ್ಯಾನ್" (ತುರ್ತು ಪರಿಸ್ಥಿತಿ ತಿಳಿಸುವ ಕರೆ) ಹೇಳಿ ಇಳಿಯುವ ಅನುಮತಿ ಕೇಳಿದಾಗ ಅವರು ಬೇಗ ಕೊಟ್ಟರು. ಕೊಡುವುದು ತಡವಾಗಿದ್ದರೂ ನಾವು ಇಳಿಯಲೇಬೇಕಿತ್ತು.

2004ರ ಅಕ್ಟೋಬರ್ 14ರ ರಾತ್ರಿ ಅಮೆರಿಕದಲ್ಲಿ ಪಿನಾಕಲ್ ಸಂಸ್ಥೆಯ ಸಿಆರ್‌ಜೆ-200 ಜೆಟ್ಟಿಗೆ ಆದದ್ದು ಈ ಎತ್ತರದ ಪಾಠದ ಅತ್ಯಂತ ಕಹಿ ರೂಪ. ಪ್ರಯಾಣಿಕರಿಲ್ಲದೆ ಸಾಗಿಸುತ್ತಿದ್ದ ಆ ವಿಮಾನವನ್ನು ಇಬ್ಬರು ಪೈಲಟ್‌ಗಳು 41,000 ಅಡಿಗೆ ಏರಿಸಿದರು. ವೇಗ ಕುಸಿದು ಸ್ಟಾಲ್ ಆಯಿತು, ಎರಡೂ ಇಂಜಿನ್ ಆರಿದವು. ಗಾಳಿಯ ರಭಸಕ್ಕೇ ಇಂಜಿನ್ ತಿರುಗಿ ಹೊತ್ತಬೇಕಾದರೆ 300 ನಾಟ್ ವೇಗ ಬೇಕಿತ್ತು. ಅಷ್ಟಕ್ಕೆ ಮೂಗು ಇಳಿಸಲಿಲ್ಲ. ಒಳಗಿನ ಭಾಗ ತಿರುಗುವುದು ನಿಂತು ಬಿಗಿದುಕೊಂಡಿತು. ಮೊದಲು ಕಂಟ್ರೋಲಿಗೆ ಹೇಳಿದ್ದು ಒಂದೇ ಇಂಜಿನ್ ಹೋಗಿದೆ ಎಂದು. ಇಳಿಯಬಹುದಾಗಿದ್ದ ವಿಮಾನ ನಿಲ್ದಾಣಗಳು ಒಂದೊಂದಾಗಿ ಕೈತಪ್ಪಿದವು. ಇಬ್ಬರೂ ಉಳಿಯಲಿಲ್ಲ. ಅವರ ಕಾಕ್‌ಪಿಟ್ ಮಾತುಗಳ ಧ್ವನಿಮುದ್ರಣದ ಲಿಖಿತ ರೂಪವನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ಇರುವ ಸ್ಥಿತಿಯನ್ನು ಇದ್ದ ಹಾಗೆ ಗಟ್ಟಿಯಾಗಿ ಹೇಳಿದ್ದರೆ ಸಹಾಯ ಕಾದಿತ್ತು.

ನಮ್ಮ ವಿಷಯಕ್ಕೆ ಬಂದರೆ, ಇಳಿಯುತ್ತಾ ಬಂದ ಹಾಗೆ ಸಣ್ಣಪುಟ್ಟ ಕೆಲಸಗಳು. ಉಳಿದ ಒಂದು ಜನರೇಟರ್‌ಗೆ ಭಾರ ಕಡಿಮೆ ಮಾಡಲು ಕ್ಯಾಬಿನ್ನಿನ ಬೇಡದ ವಿದ್ಯುತ್ ಆರಿಸಿದೆವು. ಒಂದೇ ಕಡೆಯ ಇಂಧನ ಖರ್ಚಾಗುತ್ತಿದ್ದುದರಿಂದ ಇನ್ನೊಂದು ಕಡೆಯ ಇಂಧನವೂ ಬಳಕೆಯಾಗುವಂತೆ ಕ್ರಾಸ್‌ಫೀಡ್ ತೆರೆದೆವು. ರಡ್ಡರನ್ನು ಬೇಕಾದ ಕಡೆ ತಾನೇ ಹಿಡಿದಿಡುವ ಟ್ರಿಮ್ ಹಾಕಿ ಕಾಲಿಗೆ ಬಿಡುವು ಕೊಟ್ಟೆವು. ಕ್ಯಾಬಿನ್ ಒತ್ತಡಕ್ಕೆ ಒಂದು ಇಂಜಿನ್ನಿನ ಗಾಳಿ ಸಾಕು. ಬಲ ಇಂಜಿನ್ ಮತ್ತೆ ಹೊತ್ತಿಸಬಹುದೇ ಎಂಬ ಪ್ರಶ್ನೆ ಏಳಲೇ ಇಲ್ಲ, ಏಳಬಾರದು ಕೂಡ. ಉರಿ ಆರಿದ ಇಂಜಿನ್ ಬೇರೆ, ಎಣ್ಣೆ ಇಲ್ಲದೆ ನಿಲ್ಲಿಸಿದ ಇಂಜಿನ್ ಬೇರೆ.

ಸಣ್ಣ ಜೆಟ್ಟಿನಲ್ಲಿ ಪ್ರಯಾಣಿಕರು ತೀರಾ ಹತ್ತಿರ. ನಮ್ಮ ಬೆನ್ನ ಹಿಂದೆ ಒಂದು ಪರದೆ, ಅದೂ ಸರಿದಿತ್ತು. ಎಲ್ಲ ಮಾತೂ ಅವರಿಗೆ ಕೇಳಿಸುತ್ತಿತ್ತು. ನಾನು ತಿರುಗಿ ಮುಖ ನೋಡಿಯೇ ಹೇಳಿದೆ: ಬಲ ಇಂಜಿನ್ನನ್ನು ನಾವೇ ನಿಲ್ಲಿಸಿದ್ದೇವೆ, ಎಡದ್ದು ಚೆನ್ನಾಗಿದೆ, ಬೇರೆ ಊರಲ್ಲಿ ಇಳಿಯುತ್ತೇವೆ, ಇಳಿದಾಗ ಅಗ್ನಿಶಾಮಕ ವಾಹನಗಳು ಪಕ್ಕದಲ್ಲಿ ಓಡಿಬರುತ್ತವೆ, ಅದು ನಿಯಮ. ಕೊನೆಯ ಮಾತು ಮುಖ್ಯ. ಮೊದಲೇ ಹೇಳದಿದ್ದರೆ ಕೆಂಪು ವಾಹನ ಕಂಡಾಗಲೇ ಜನ ಹೆದರುವುದು.

ಹತ್ತಿರದಲ್ಲೊಂದು ಗಿಡ್ಡ ರನ್‌ವೇ ಇತ್ತು, ಸ್ವಲ್ಪ ದೂರದಲ್ಲಿ ಉದ್ದನೆಯದು. ಉದ್ದನೆಯದನ್ನೇ ಆರಿಸಿದೆವು. ಇಂಜಿನ್ ಒಂದು ಸುಸ್ಥಿತಿಯಲ್ಲಿರುವಾಗ ಹತ್ತಿರ ಎನ್ನುವುದಕ್ಕಿಂತ ತಕ್ಕದ್ದು ಎನ್ನುವುದು ಮುಖ್ಯ: ರನ್‌ವೇ ಉದ್ದ, ಹವಾಮಾನ, ಅಗ್ನಿಶಾಮಕ ದಳ, ತಪ್ಪಿದರೆ ಮತ್ತೆ ಏರಲು ಬೆಟ್ಟವಿಲ್ಲದ ಜಾಗ. ಇಳಿಯುವಾಗ ಫ್ಲ್ಯಾಪ್ (ನಿಧಾನಕ್ಕೆ ಹಾರಲು ರೆಕ್ಕೆಯ ಹಿಂದೆ ಇಳಿಸುವ ಪಟ್ಟಿ) ಪೂರ್ತಿ ಬಿಡದೆ, ಅದಕ್ಕಿಂತ ಕಡಿಮೆ ಇಳಿಸಿದ ಅಪ್ರೋಚ್ ಫ್ಲ್ಯಾಪಿನಲ್ಲೇ, ಚೆಕ್‌ಲಿಸ್ಟ್ ಹೇಳಿದಷ್ಟು ಹೆಚ್ಚಿನ ವೇಗದಲ್ಲಿ ಬಂದೆವು. ಪೂರ್ತಿ ಫ್ಲ್ಯಾಪ್ ಬಿಟ್ಟ ಮೇಲೆ ಒಂದೇ ಇಂಜಿನ್ನಿನಲ್ಲಿ ಮತ್ತೆ ಮೇಲೇಳುವುದು ಬಹಳ ಕಷ್ಟ. ಇಳಿದದ್ದು ಯಾವತ್ತಿನಂಥದೇ ಲ್ಯಾಂಡಿಂಗ್. ನಂತರ ಕವಚ ಬಿಚ್ಚಿ ನೋಡಿದ ಇಂಜಿನಿಯರ್‌ಗಳು ಒಂದು ಸೀಲ್ ಹೋಗಿ ಎಣ್ಣೆ ಹೊರಗೆ ಸೋರಿದ್ದನ್ನು ತೋರಿಸಿದರು.

ಎರಡೂ ಇಂಜಿನ್ ಒಟ್ಟಿಗೆ ಹೋಗುವುದು ಬೇರೆಯದೇ ವಿಷಯ. ಇಂಜಿನ್ನುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಟ್ಟಿದ್ದರೂ ಅವು ಕುಡಿಯುವ ಇಂಧನ ಒಂದೇ ಟ್ರಕ್ಕಿನದು, ಉಸಿರಾಡುವ ಗಾಳಿ ಒಂದೇ. 2005ರ ನವೆಂಬರಿನಲ್ಲಿ ಫ್ಲಾರಿಡಾದ ಮೇಲೆ ಒಂದು ಬೀಚ್‌ಜೆಟ್ 400ಎ ಸುಮಾರು 38,000 ಅಡಿಯಲ್ಲಿ ಎರಡೂ ಇಂಜಿನ್ ಕಳೆದುಕೊಂಡಿತು. ಬಹಳ ಎತ್ತರದ ಮೋಡಗಳಲ್ಲಿನ ಹಿಮದ ಹರಳುಗಳು ಇಂಜಿನ್ನಿನ ಒಳಗೆ ಕಟ್ಟಿಕೊಂಡಿದ್ದವು. ಪೈಲಟ್‌ಗಳು ಅದನ್ನು ಗ್ಲೈಡರಿನಂತೆ ತಂದು ಜ್ಯಾಕ್ಸನ್‌ವಿಲ್‌ನಲ್ಲಿ ಇಳಿಸಿದರು. 2019ರ ಮೇ ತಿಂಗಳಲ್ಲಿ ಅದೇ ರಾಜ್ಯದ ಪುಂಟಾ ಗೋರ್ಡಾದಲ್ಲಿ ಇಂಧನಕ್ಕೆ ಹಿಮನಿರೋಧಕದ ಬದಲು ಡೀಸೆಲ್ ವಾಹನಗಳ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವ ಬೆರೆತುಹೋಯಿತು. ಅದು ಇಂಧನದಲ್ಲಿ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಅಲ್ಲಿಂದ ಹೊರಟ ಸೈಟೇಷನ್ 550 ಒಂದರ ಮೊದಲ ಇಂಜಿನ್ ಎತ್ತರದಲ್ಲಿ ನಿಂತಿತು, ಎರಡನೆಯದು ಇಳಿಯುವ ದಾರಿಯಲ್ಲಿ. ಅವರು ಸವಾನಾದಲ್ಲಿ ಕ್ಷೇಮವಾಗಿ ಇಳಿದರು. ಇದಾದ ಮೇಲೆ ಇಂಧನ ತುಂಬುವಾಗ ಏನು ಬೆರೆಸುತ್ತಿದ್ದಾರೆ ಎಂದು ಡಬ್ಬಿಯ ಮೇಲಿನ ಹೆಸರು ಓದದೆ ನಾನು ವಿಮಾನ ಹತ್ತುವುದಿಲ್ಲ. ಕೆಲವರಿಗೆ ಕಿರಿಕಿರಿಯಾಗುತ್ತದೆ, ಆಗಲಿ. ಒಂದು ಇಂಜಿನ್ ಕಾರಣ ತಿಳಿಯದೆ ನಿಂತರೆ ಎರಡನೆಯದೂ ಅದೇ ಇಂಧನ ಕುಡಿಯುತ್ತಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಗ್ಲೈಡ್ ಮಾಡಿದರೂ ರನ್‌ವೇ ಮುಟ್ಟುವಷ್ಟು ಎತ್ತರವನ್ನು ಆದಷ್ಟು ಹೊತ್ತು ಉಳಿಸಿಕೊಳ್ಳಬೇಕು.

ಇಂಥ ಜೆಟ್‌ಗಳಲ್ಲಿ ಹಲವನ್ನು ಒಬ್ಬರೇ ಹಾರಿಸಲು ಅನುಮತಿ ಇದೆ. ಸೈಟೇಷನ್ ಮಸ್ಟಾಂಗ್, ಫೀನಂ 100 ಅಂಥವು. ಒಬ್ಬರೇ ಇದ್ದಾಗ "ಕನ್ಫರ್ಮ್ಡ್" ಎನ್ನಲು ಯಾರೂ ಇರುವುದಿಲ್ಲ. ಅವರಿಗೆ ನಾನು ಹೇಳುವುದು: ಆಟೋಪೈಲಟ್ ಹಾಕಿ, ಗಟ್ಟಿಯಾಗಿ ನಿಮಗೆ ನೀವೇ ಓದಿ ಹೇಳಿ, ಅನುಮಾನದ ಲಿವರನ್ನು ಒಮ್ಮೆಗೇ ಕಟ್ ಆಫ್‌ಗೆ (ಇಂಧನ ನಿಲ್ಲಿಸುವ ಕಡೆಗೆ) ಎಳೆಯದೆ ಸ್ವಲ್ಪ ಹಿಂದಕ್ಕೆ ತಂದು ಏನು ಬದಲಾಯಿತು ನೋಡಿ. ರಡ್ಡರಿನಿಂದ ನೇರ ಹಿಡಿದ ಮೂಗು ಆ ಲಿವರಿನ ಕಡೆಗೆ ತಿರುಗಿದರೆ ನಿಮ್ಮ ಕೈ ಒಳ್ಳೆಯ ಇಂಜಿನ್ನಿನ ಮೇಲಿದೆ. ಒಂದೇ ಇಂಜಿನ್ನಿನ ಸಿರಸ್ ವಿಷನ್ ಜೆಟ್ಟಿನಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಇಡೀ ವಿಮಾನಕ್ಕೆ ಪ್ಯಾರಾಚೂಟ್ ಇದೆ, ಗ್ಲೈಡ್ ಮಾಡಿ ರನ್‌ವೇ ಮುಟ್ಟುವುದೋ ಹಿಡಿ ಎಳೆಯುವುದೋ ಎಂಬ ಬೇರೆ ನಿರ್ಧಾರವಿದೆ.

ಸಿಮ್ಯುಲೇಟರ್ ತರಬೇತಿಯ ಬಗ್ಗೆ ನನ್ನದೊಂದು ತಕರಾರಿದೆ, ಅದನ್ನು ಇಲ್ಲಿ ದಾಖಲಿಸುತ್ತೇನೆ. ಇಂಜಿನ್ ಯಾವಾಗಲೂ ವಿ1ಕ್ಕೆ ಸಾಯುತ್ತದೆ. ಸೀಟಿಗೆ ಕೂರುವಾಗಲೇ ಕಾಲು ಸಿದ್ಧವಾಗಿರುತ್ತದೆ. ಅದು ಬೇಕು, ಬಿಡುವಂತಿಲ್ಲ, ಆದರೆ ಅಷ್ಟೇ ಆದರೆ ಸಾಲದು. ಇನ್‌ಸ್ಟ್ರಕ್ಟರ್‌ಗಳಲ್ಲಿ ನನ್ನ ವಿನಂತಿ ಇದು: ಎತ್ತರದ ಹಾರಾಟದಲ್ಲಿ, ಬೇರೇನೋ ಮಾತು ನಡೆಯುತ್ತಿರುವಾಗ, ಒಂದು ಆಯಿಲ್ ಪ್ರೆಶರನ್ನು ಹತ್ತು ನಿಮಿಷ ತೆಗೆದುಕೊಂಡು ಇಳಿಸಿ. ನಡುವೆ ಕಂಟ್ರೋಲಿನಿಂದ ಫ್ರೀಕ್ವೆನ್ಸಿ ಬದಲಿಸಲು ಹೇಳಿಸಿ. ಹಿಂದಿನಿಂದ ಒಬ್ಬ ಪ್ರಯಾಣಿಕನ ಧ್ವನಿಯಲ್ಲಿ ಇನ್ನೆಷ್ಟು ಹೊತ್ತು ಎಂದು ಕೇಳಿಸಿ. ಗಂಟೆ ಬಡಿಯುವ ಮೊದಲು ತರಬೇತಿಗೆ ಕೂತ ಇಬ್ಬರಲ್ಲಿ ಯಾರು ಗಮನಿಸುತ್ತಾರೆ, ಗಮನಿಸಿದ ಮೇಲೆ ಬಾಯಿ ಬಿಟ್ಟು ಹೇಳುತ್ತಾರೋ ಇಲ್ಲವೋ, ಅದನ್ನು ಬರೆದುಕೊಂಡು ಸೆಷನ್ ಮುಗಿದ ಮೇಲೆ ಅವರ ಜತೆ ಕೂತು ಮಾತಾಡಿ.